ಅಕ್ಕನ ಹರಕೆಗೆ ಲಂಕೆಯಲ್ಲಿ ತುಳಿದ ಸೈಕಲ್

ಹದಿನಾರು

ಟಿ. ನರಸೀಪುರದ ಒಂದು ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಜನರ ಬೆರಳು ಚುಚ್ಚುತ್ತಿದ್ದೇನೆ. ಸುತ್ತಲ ಹಳ್ಳಿಗಳಲ್ಲಿ ಯಾರ ಸಕ್ಕರೆ ಎಷ್ಟಿದೆ ಎಂಬುದು ಅವರ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನನ್ನ ಸಕ್ಕರೆ ಎಷ್ಟಿದೆ ಎಂಬುದು ಮಾತ್ರ ನನ್ನ ಹೆಂಡತಿ ಸುಜಾತ ಮತ್ತು ಮೈಸೂರಿನ ಡಾಕ್ಟರು ಇಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೂರು ವರ್ಷದಿಂದ ನಾನು ಇನ್ಸುಲಿನ್ ಮೇಲೆ ಇದ್ದೇನೆ. ಬಂದವರಿಗೆಲ್ಲ ‘ಇದರಲ್ಲಿ ನಾಚಿಕೆ ಏನು ಬಂತು, ಡಾಕ್ಟರು ಹೇಳಿದರೆ ಹಾಕಿಸಿಕೊಳ್ಳಿ’ ಎಂದು ಬುದ್ಧಿ ಹೇಳುತ್ತಿದ್ದವನು, ನನ್ನ ಇನ್ಸುಲಿನ್ ಪೆನ್ನನ್ನು ಫ್ರಿಜ್ಜಿನಲ್ಲಿ ಕರಿಬೇವಿನ ಕವರಿನೊಳಗೆ ಬಚ್ಚಿಡುತ್ತಿದ್ದೆ.

ಬಚ್ಚಿಟ್ಟದ್ದು ಮುಖ್ಯವಾಗಿ ಅಕ್ಕನಿಂದ. ಅಕ್ಕ ಚಿಕ್ಕತಾಯಮ್ಮ ಹದಿನಾರು ಎಂಬ ನಮ್ಮ ಕಡೆಯ ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಅವಳಿಗೂ ಸಕ್ಕರೆ ಕಾಯಿಲೆ. ನಮ್ಮ ಅವ್ವನಿಗೂ ಇತ್ತು. ಇನ್ಸುಲಿನ್ ಶುರು ಮಾಡಿದ ಮೂರನೇ ತಿಂಗಳಿಗೆ ಅವ್ವ ತೀರಿಕೊಂಡಳು. ಅದು ತೀರಾ ತಡವಾಗಿ ಶುರುವಾಗಿತ್ತು, ಅಷ್ಟು ಹೊತ್ತಿಗೆ ಕಿಡ್ನಿ ಹೋಗಿತ್ತು ಎಂದು ನಾನು ಎಷ್ಟು ಸಲ ಹೇಳಿದರೂ ಅಕ್ಕನ ತಲೆಯಲ್ಲಿ ಕೂತದ್ದು ಒಂದೇ: ಸೂಜಿ ಬಂತು ಅಂದರೆ ಕೊನೆ ಬಂತು. ಹೋದ ವರ್ಷ ಅವಳ ಎಡಗಾಲಿನ ಕಿರುಬೆರಳಿಗೆ ಗಾಯವಾಗಿ, ಮಾಯದೆ, ಬೆರಳನ್ನೇ ತೆಗೆಯಬೇಕಾಯಿತು. ಮಾತ್ರೆ ಸಾಲದು ಎಂದು ಮುಂಚೆಯೇ ಹೇಳಿದ್ದೆ, ಈಗಲಾದರೂ ಇನ್ಸುಲಿನ್ ಶುರು ಮಾಡದಿದ್ದರೆ ಮುಂದೆ ಪಾದಕ್ಕೇ ಬರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಕ್ಕ ಬೇಡವೇ ಬೇಡ ಎಂದು ತಲೆ ಅಲ್ಲಾಡಿಸಿದಳು. ಅವತ್ತೇ ನಾನು ಅಂಗಿ ಎತ್ತಿ ಹೊಟ್ಟೆ ತೋರಿಸಬಹುದಿತ್ತು. ಅವಳು ಹೆದರುತ್ತಾಳೆ ಎಂಬ ನೆಪ ಹೇಳಿಕೊಂಡು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಲ್ಯಾಬಿನವನಿಗೇ ಹೀಗಾಯಿತು ಎಂದು ಊರು ಆಡಿಕೊಳ್ಳುತ್ತದಲ್ಲ, ಆ ನಾಚಿಕೆ.

ಸೈಕಲ್ ಹತ್ತಿದ್ದೂ ಇದೇ ಕಾಯಿಲೆಯಿಂದ. ವ್ಯಾಯಾಮ ಮಾಡು ಎಂದು ಡಾಕ್ಟರು ಬೈದ ಮೇಲೆ ನಂಜನಗೂಡಿನ ಮನೆಯಿಂದ ನರಸೀಪುರದ ಲ್ಯಾಬಿಗೆ ಸೈಕಲ್ಲಿನಲ್ಲೇ ಹೋಗಿಬರತೊಡಗಿದೆ. ಐವತ್ತು ದಾಟಿದವನು ಸೈಕಲ್ ತುಳಿದರೆ ನಮ್ಮ ಕಡೆ ಮರ್ಯಾದೆ ಕಡಿಮೆ. ‘ಯಾಕ್ಸಾ, ಗಾಡಿ ಕೆಟ್ಟೋಯ್ತಾ’ ಎಂದು ದಿನಾ ಯಾರಾದರೂ ಕೇಳುವವರೇ. ಆ ಡಾಕ್ಟರೇ ಒಂದು ದಿನ ಲಂಕೆಯ ವಿಷಯ ಎತ್ತಿದರು. ಅಲ್ಲಿಯ ಡಾಕ್ಟರುಗಳೂ ಇಲ್ಲಿಯವರೂ ಸೇರಿ ಒಂದು ಸೈಕಲ್ ಸವಾರಿ ಇಟ್ಟಿದ್ದಾರೆ, ಜಾಫ್ನಾದಿಂದ ನುವರಎಲಿಯದವರೆಗೆ ಐದು ದಿನ, ನಾನೂರಕ್ಕೂ ಹೆಚ್ಚು ಕಿಲೋಮೀಟರು. ಹೋಗುವವರು ತಮ್ಮ ತಮ್ಮ ಊರಿನ ಸಕ್ಕರೆ ರೋಗಿಗಳಿಗೆ ಏನು ಬೇಕೋ ಅದಕ್ಕೆ ದೇಣಿಗೆ ಎತ್ತಬೇಕು. ನಮಗೆ ಬೇಕಾಗಿದ್ದದ್ದು ಹತ್ತಿರದ ಕವಲಂದೆಯಲ್ಲಿ ಕಾಲಿನ ಗಾಯ ನೋಡುವ ಒಂದು ಕೊಠಡಿ. ಗಾಯವಾದವರು ಮೈಸೂರಿಗೆ ಹೋಗಲಾರದೆ ಅರಿಶಿನ ಮೆತ್ತಿಕೊಂಡು ಕೂತು ಬೆರಳು ಕಳೆದುಕೊಳ್ಳುವುದನ್ನು ನೋಡಿ ಸಾಕಾಗಿತ್ತು. ನಾನು ಹೂಂ ಅಂದೆ.

ದೇಣಿಗೆಗೆ ಊರೂರು ತಿರುಗಿದೆ. ನಂಜನಗೂಡಿನ ಅಂಗಡಿಯವರು, ಹೊಲ ಇರುವವರು, ಕೂಲಿ ಮಾಡುವವರು ಎಲ್ಲರೂ ಕೈಲಾದ್ದು ಕೊಟ್ಟರು. ತಗಡೂರಿನ ಒಬ್ಬ ಹಿರಿಯರು ಮಾತ್ರ ಕನ್ನಡಕದ ಮೇಲಿಂದ ನೋಡಿ, ಸೈಕಲ್ ತುಳಿಯಲು ಲಂಕೆಗೇ ಯಾಕೆ ಹೋಗಬೇಕು, ಬಿಳಿಗಿರಿರಂಗನ ಬೆಟ್ಟಕ್ಕೆ ತುಳಿ, ನಾನು ಕಣ್ಣಾರೆ ನೋಡಿ ಕೊಡುತ್ತೇನೆ ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು.

ಹೊರಡುವ ಮುಂಚಿನ ದಿನ ಅಕ್ಕನಿಗೆ ಹೇಳಿಬರಲು ಹೋದೆ. ಸುಸ್ತಾದವರನ್ನು ಹತ್ತಿಸಿಕೊಳ್ಳಲು ಹಿಂದೆ ವ್ಯಾನು ಬರುತ್ತದೆ ಎಂದು ಅವಳಿಗೆ ಮೊದಲೇ ಹೇಳಿದ್ದೆ. ಅವಳು ಅಷ್ಟು ಹೊತ್ತಿಗೇ ಒಂದು ತೀರ್ಮಾನ ಮಾಡಿ ಕೂತಿದ್ದಳು.

‘ನಂಜುಂಡಪ್ಪಂಗೆ ಅರ್ಕೆ ಕಟ್ಕೊಂಡಿವ್ನಿ ಕಣ್ಲಾ ಸಿದ್ರಾಜ. ನೀನು ಯಾವ ವ್ಯಾನೂ ಅತ್ದೆ ಪೂರ್ತಿ ತುಳ್ಕೊಂಡು ಬಂದ್ರೆ, ನಾನು ಸೂಜಿ ಚುಚ್ಚಿಸ್ಕತೀನಿ.’

ನನಗೆ ಕೂತಲ್ಲೇ ಎದೆ ಹಗುರಾಯಿತು. ನಾವು ಬುದ್ಧನ ಕಡೆ ಬಂದು ಇಪ್ಪತ್ತು ವರ್ಷವಾಯಿತಲ್ಲ, ನನ್ನ ಹೆಸರಲ್ಲಿ ಹರಕೆ ಹೇಗೆ ನಡೆಯುತ್ತದೆ ಎಂದು ಸುಮ್ಮನೆ ಕಿಚಾಯಿಸಿದೆ. ಬೌದ್ಧನಾದದ್ದು ನೀನು, ಹರಕೆ ನನ್ನದು ಎಂದಳು. ಜೊತೆಗೆ ಇನ್ನೊಂದು ಕಟ್ಟಳೆ ಸೇರಿಸಿದಳು. ಹರಕೆ ಅಂದ ಮೇಲೆ ವ್ರತ ಇರಬೇಕು. ತಿರುಗಿ ಬರುವವರೆಗೆ ನೀನು ಸಿಹಿ ಬಾಯಿಗೆ ಹಾಕಬಾರದು. ಸಕ್ಕರೆ ಕಾಯಿಲೆಯವಳು ತನ್ನ ಕಾಯಿಲೆಗೆ ಹೊಂದುವ ವ್ರತವನ್ನೇ ಹುಡುಕಿದ್ದಳು. ಇನ್ಸುಲಿನ್ ತೆಗೆದುಕೊಂಡು ಬಿಸಿಲಿನಲ್ಲಿ ಸೈಕಲ್ ತುಳಿಯುವವನ ಜೇಬಿನಲ್ಲಿ ಸಿಹಿ ಇರಲೇಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಆಗಲಿ ಅಂದುಬಿಟ್ಟೆ.

ಅಷ್ಟಕ್ಕೇ ನಿಲ್ಲಲಿಲ್ಲ. ಡಾಕ್ಟರು ಕೊಟ್ಟಿದ್ದ ಗ್ಲೂಕೋಸ್ ಪೊಟ್ಟಣಗಳನ್ನು ಬೀರುವಿನಲ್ಲೇ ಬಿಟ್ಟು, ಅದರ ಬದಲು ಹುರಿಗಡಲೆ, ಕಡಲೆಕಾಯಿ ತುಂಬಿಕೊಂಡೆ. ಲ್ಯಾಬಿನಲ್ಲಿ ಕೂದಲು ಬೆಳ್ಳಗಾದವನು ಮಾಡುವ ಕೆಲಸವಲ್ಲ. ಆದರೆ ನಾನು ಮೋಸ ಮಾಡಿ ಅಕ್ಕನ ಕಾಲಿಗೆ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆಗೆ ಬುದ್ಧ, ನಂಜುಂಡ ಎಂಬ ಭೇದ ಇರಲಿಲ್ಲ.

ಯಾಳ್ಪಾಣ

ಕೊಲಂಬೊ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದರು. ಒಳಗಿದ್ದ ರಾಗಿಹಿಟ್ಟಿನ ಪೊಟ್ಟಣವನ್ನು ಅಧಿಕಾರಿ ಬೆರಳಿನಿಂದ ಒತ್ತಿ, ಮೂಸಿ, ಇದೇನು ಪುಡಿ ಎಂದು ಕೇಳಿದ. ನನ್ನ ಇಂಗ್ಲಿಷಿನಲ್ಲಿ ಮುದ್ದೆಯನ್ನು ವಿವರಿಸುವುದು ಸುಲಭವಿರಲಿಲ್ಲ. ಎರಡು ಕೈ ಉಂಡೆ ಕಟ್ಟಿ, ನುಂಗಿ ತೋರಿಸಿದೆ. ಅವನು ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡು ‘ಕುರಕ್ಕನ್’ ಎಂದು ನಕ್ಕ. ಅವರ ಭಾಷೆಯಲ್ಲಿ ರಾಗಿಯ ಹೆಸರು ಅದೇ. ಅವನ ತಾಯಿಗೂ ಸಕ್ಕರೆ ಕಾಯಿಲೆಯಂತೆ, ಅವರೂ ಅದನ್ನೇ ತಿನ್ನುತ್ತಾರಂತೆ. ತಿಂದರೆ ಇಳಿಯುತ್ತದೆಯೇ ಎಂದು ಅವನು ಕೇಳಿದ, ಅಳತೆ ತಪ್ಪಿದರೆ ಏರುತ್ತದೆ ಎಂದು ನಾನು ಹೇಳಿದೆ. ಹಿಂದೆ ನಿಂತಿದ್ದವರು ಗೊಣಗತೊಡಗಿದ ಮೇಲೆ ಚೀಲ ಕಟ್ಟಿಕೊಟ್ಟ.

ಜಾಫ್ನಾವನ್ನು ಅಲ್ಲಿಯವರು ಯಾಳ್ಪಾಣ ಅನ್ನುತ್ತಾರೆ. ಸೈಕಲ್ ಸವಾರನಿಗೆ ಅಂಥ ಊರು ಇನ್ನೊಂದಿಲ್ಲ. ಬೆಳಿಗ್ಗೆ ಎದ್ದು ರಸ್ತೆಗೆ ಬಂದರೆ ಸೀರೆ ಉಟ್ಟ ಟೀಚರಮ್ಮಂದಿರು, ಹಣೆಗೆ ವಿಭೂತಿ ಬಳಿದ ಮುದುಕರು, ಗರಿಗರಿ ಅಂಗಿಯ ಗುಮಾಸ್ತರು ಎಲ್ಲರೂ ಸೈಕಲ್ಲಿನ ಮೇಲೆ. ಯಾರೂ ಅವಸರ ಪಡುವುದಿಲ್ಲ. ಒಬ್ಬ ಅಜ್ಜ ಒಂದು ಕೈಯಲ್ಲಿ ಕೊಡೆ ಹಿಡಿದು ತುಳಿಯುತ್ತಿದ್ದ. ಗಾಡಿ ಕೆಟ್ಟಿದೆಯೇ ಎಂದು ಯಾರೂ ಅವನನ್ನು ಕೇಳಲಿಲ್ಲ.

ನಾವು ಇಳಿದುಕೊಂಡ ಮನೆಯ ಅಮ್ಮ ಬೆಳಗಿನ ತಿಂಡಿಗೆ ಇಡಿಯಾಪ್ಪ ಮಾಡಿದ್ದರು. ನಮ್ಮ ಒತ್ತು ಶ್ಯಾವಿಗೆಯೇ, ಜೊತೆಗೆ ಕಾಯಿಹಾಲಿನ ಸಾರು. ನನಗೆ ಬರುವ ಹರಕುಮುರುಕು ತಮಿಳಿನಲ್ಲಿ ನಮ್ಮಲ್ಲಿ ಇದಕ್ಕೆ ಸಿಹಿ ಕಾಯಿಹಾಲು ಎಂದೆ. ತಪ್ಪಾಯಿತು. ಆಕೆ ಒಳಗೆ ಹೋಗಿ ತಟ್ಟೆಯ ತುಂಬ ಸಕ್ಕರೆ, ತೆಂಗಿನತುರಿ ತಂದಿಟ್ಟರು. ನಾನು ಕೈ ಮುಗಿದೆ. ಬೇಡವೆಂದರೂ ಬಿಡದೆ ಬಡಿಸುವುದರಲ್ಲಿ ಅವರೂ ನಮ್ಮವರೇ. ಕೊನೆಗೆ ಹರಕೆ ಎಂದು ಹೇಳಿ ಬಚಾವಾದೆ. ಆ ಮಾತು ಅವರಿಗೆ ತಕ್ಷಣ ಅರ್ಥವಾಯಿತು.

ವವುನಿಯ

ಒಟ್ಟು ಹನ್ನೆರಡು ಜನ ಸವಾರರು. ಹಿಂದೆ ಒಂದು ವ್ಯಾನು, ಅದರಲ್ಲಿ ಒಬ್ಬ ನರ್ಸು. ಆಯಾಸವಾದವರು ಯಾವಾಗ ಬೇಕಾದರೂ ವ್ಯಾನು ಹತ್ತಬಹುದು. ನನ್ನ ಜೋಡಿಯಾಗಿ ಸಿಕ್ಕವರು ನಿಮಲ್ ಎಂಬ ನಿವೃತ್ತ ಮೇಷ್ಟ್ರು. ಕುರುನೇಗಲದ ಕಡೆಯವರು, ಅರವತ್ತೆರಡು ವರ್ಷ. ಅವರ ಇಂಗ್ಲಿಷೂ ನನ್ನಷ್ಟೇ ಆದ್ದರಿಂದ ನಮ್ಮಿಬ್ಬರ ನಡುವೆ ಮಾತು ಚೆನ್ನಾಗಿ ನಡೆಯುತ್ತಿತ್ತು. ಅವರ ಹೆಂಡತಿ ಸಕ್ಕರೆ ಕಾಯಿಲೆಯಿಂದ ಕಣ್ಣು ಕಳೆದುಕೊಂಡಿದ್ದರು. ಅದಕ್ಕೇ ಅವರು ಈ ಸವಾರಿಗೆ ಬಂದದ್ದು.

ಮೊದಲ ದಿನವೇ ದೊಡ್ಡ ದಾರಿ. ಎರಡೂ ಕಡೆ ತಾಳೆಮರ, ಒಣನೆಲ, ಅಲ್ಲಲ್ಲಿ ಸೈನ್ಯದ ಠಾಣೆ, ರಸ್ತೆ ದಾಟುವ ನವಿಲು. ನಾವು ನವಿಲು ನೋಡಿದರೆ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಅಲ್ಲಿಯವರು ಕೋಳಿ ಓಡಿಸುವ ಹಾಗೆ ಹುಶ್ ಅನ್ನುತ್ತಾರೆ. ಎಪ್ಪತ್ತನೇ ಕಿಲೋಮೀಟರಿನ ಹೊತ್ತಿಗೆ ನನ್ನ ಹಿಂಭಾಗ ಮಾತು ಕೇಳುವುದನ್ನು ನಿಲ್ಲಿಸಿತ್ತು. ನೂರು ದಾಟಿದ ಮೇಲೆ ವ್ಯಾನು ಪಕ್ಕದಲ್ಲಿ ನಿಧಾನವಾಗಿ ಬಂದು ಬಾಗಿಲು ತೆರೆದು ನೋಡಿತು. ಒಳಗೆ ತಣ್ಣನೆಯ ಗಾಳಿ. ನಾನು ಮುಖ ಆ ಕಡೆ ತಿರುಗಿಸದೆ ತುಳಿದೆ.

ಸಂಜೆ ವವುನಿಯದಲ್ಲಿ ಕಕ್ಕಸಿನ ಬಾಗಿಲು ಹಾಕಿಕೊಂಡು ಸಕ್ಕರೆ ನೋಡಿಕೊಂಡು, ಇನ್ಸುಲಿನ್ ಚುಚ್ಚಿಕೊಂಡೆ. ನಮ್ಮನೆಯಲ್ಲಿ ರೂಢಿಯಾಗಿತ್ತಲ್ಲ. ಹೊರಗೆ ಬಂದು ನೋಡಿದರೆ ಇನ್ನಿಬ್ಬರು ಸವಾರರು ಊಟದ ಮೇಜಿನ ಮುಂದೆಯೇ ಅಂಗಿ ಎತ್ತಿ, ಮಾತು ನಿಲ್ಲಿಸದೆ ಚುಚ್ಚಿಕೊಳ್ಳುತ್ತಿದ್ದರು. ನನಗೆ ನಾಚಿಕೆಯಾಯಿತು. ಆದರೂ ನಾನು ಚುಚ್ಚಿಕೊಳ್ಳುವವನು ಎಂದು ಅಲ್ಲಿಯೂ ಬಾಯಿ ಬಿಡಲಿಲ್ಲ. ಕಾಗದದ ಮೇಲೆ ಬರೆದುಕೊಟ್ಟಿದ್ದೆ, ನರ್ಸಿಗೆ ಗೊತ್ತಿತ್ತು, ಅಷ್ಟು ಸಾಕು ಎಂದುಕೊಂಡೆ.

ಅನುರಾಧಪುರ

ಲಂಕೆಯಲ್ಲಿ ಪ್ರತಿ ಹುಣ್ಣಿಮೆಯೂ ರಜೆ. ನಾವು ಹೋದಾಗ ಬಂದದ್ದು ಪೋಸನ್ ಹುಣ್ಣಿಮೆ. ನಮ್ಮ ದೇಶದಿಂದ ಧಮ್ಮ ಅವರ ದ್ವೀಪಕ್ಕೆ ಬಂದ ದಿನ ಅಂತ ಆಚರಿಸುತ್ತಾರೆ. ಮುನ್ನಾದಿನವೇ ಅನುರಾಧಪುರದ ತುಂಬ ಬಿಳಿ ಬಟ್ಟೆಯ ಜನ. ಅಷ್ಟೊಂದು ಜನ ಸೇರಿಯೂ ಗದ್ದಲವಿಲ್ಲ, ಮೈಕಿನ ಅಬ್ಬರವಿಲ್ಲ. ನಂಜನಗೂಡಿನವನಿಗೆ ಇದನ್ನು ನಂಬುವುದು ಕಷ್ಟ. ಮರದ ಕೆಳಗೆ ಕುಟುಂಬಗಳು ಚಾಪೆ ಹಾಸಿ ಕೂತು ಮರುದಿನ ‘ಸಿಲ್’ ಹಿಡಿಯಲು ಕಾದಿದ್ದವು. ಎಂಟು ನಿಯಮ ಪಾಲಿಸುವ ವ್ರತ ಅದು. ಮಧ್ಯಾಹ್ನ ಹನ್ನೆರಡರ ಮೇಲೆ ಊಟವಿಲ್ಲ.

ಚಪ್ಪಲಿಯನ್ನು ಬಹಳ ದೂರದಲ್ಲೇ ಬಿಡಬೇಕು. ಮರಳು ಕಾದ ಹೆಂಚಾಗಿತ್ತು. ನಾನು ಎರಡು ಜೊತೆ ಕಾಲುಚೀಲ ಹಾಕಿಕೊಂಡೇ ನಡೆದೆ. ಮುಂದೆ ಹೋಗುತ್ತಿದ್ದ ಮುದುಕಿಯರ ಬರಿಗಾಲು ನೋಡಿ ಇವರಲ್ಲಿ ಎಷ್ಟು ಜನಕ್ಕೆ ಸಕ್ಕರೆ ಕಾಯಿಲೆಯಿಂದ ಕಾಲು ಮರಗಟ್ಟಿ ಸುಡುವುದೇ ಗೊತ್ತಾಗುತ್ತಿಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೆ. ಅಕ್ಕನ ಗಾಯವೂ ಹಾಗೇ ಆದದ್ದು. ಬಚ್ಚಲ ಒಲೆಯ ಕೆಂಡ ತುಳಿದು, ಸೊಸೆ ವಾಸನೆ ಹಿಡಿದು ಹೇಳುವವರೆಗೆ ಅವಳಿಗೆ ತಿಳಿದಿರಲಿಲ್ಲ.

ನಾನು ಬೌದ್ಧ ಎಂದು ನಿಮಲ್ ಒಬ್ಬ ಅಜ್ಜಿಗೆ ಹೇಳಿದರು. ಆಕೆ ಕಣ್ಣರಳಿಸಿ, ಭಾರತದಲ್ಲೂ ಬೌದ್ಧರು ಇದ್ದಾರೆಯೇ ಎಂದು ಕೇಳಿ, ನನ್ನ ಎರಡೂ ಕೈ ಹಿಡಿದು ನೆತ್ತಿಗೆ ಒತ್ತಿಕೊಂಡರು. ನಮ್ಮ ಕಡೆ ಕೆಲವರು ನಮ್ಮ ಕೈಯ ನೀರು ಕುಡಿಯಲು ಹಿಂದೆ ಮುಂದೆ ನೋಡಿದ್ದನ್ನು ಕಂಡು ಬೆಳೆದವನು ನಾನು. ಎಲ್ಲಿ ನೋಡಬೇಕೋ ತಿಳಿಯದೆ ಕಾಲುಚೀಲ ನೋಡಿಕೊಂಡು ನಿಂತೆ.

ಕೆಕಿರಾವದ ದಾರಿ

ಮೂರನೆಯ ದಿನ, ಹುಣ್ಣಿಮೆ. ಬೆಳಿಗ್ಗೆ ಹಾಲಿನ ಅನ್ನ ಕೊಟ್ಟರು. ಅಲ್ಲಿ ಅದನ್ನು ಬೆಲ್ಲದ ಜೊತೆ ತಿನ್ನುತ್ತಾರೆ, ಇಲ್ಲವೇ ಮೆಣಸಿನಕಾಯಿ ಚಟ್ನಿಯ ಜೊತೆ. ನಾನು ಚಟ್ನಿ ಹಚ್ಚಿಕೊಂಡು ನಾಲ್ಕು ತುತ್ತು ತಿಂದೆ. ಖಾರಕ್ಕೆ ಹೆಚ್ಚು ತಿನ್ನಲಾಗಲಿಲ್ಲ. ಇನ್ಸುಲಿನ್ ಮಾತ್ರ ಪೂರ್ತಿ ಊಟ ಮಾಡುವವನ ಹಾಗೆ ಮೊದಲೇ ಹಾಕಿಕೊಂಡಿದ್ದೆ.

ದಾರಿಯುದ್ದಕ್ಕೂ ದನ್ಸಲ್. ದನ್ಸಲ್ ಎಂದರೆ ಊರವರು ರಸ್ತೆಬದಿ ಚಪ್ಪರ ಹಾಕಿ ಹೋಗಿಬರುವವರಿಗೆಲ್ಲ ಪುಕ್ಕಟೆ ಊಟ, ಪಾನಕ ಕೊಡುವುದು. ನಮ್ಮಲ್ಲೂ ಪಾನಕ, ಮಜ್ಜಿಗೆ ಕೊಡುತ್ತಾರೆ, ಬೇಕಾದವರು ಹೋಗಿ ಕುಡಿಯುತ್ತಾರೆ. ಇವರು ರಸ್ತೆಗೆ ಅಡ್ಡ ನಿಂತು ಬಾವುಟ ಬೀಸಿ ಬಸ್ಸುಗಳನ್ನೇ ನಿಲ್ಲಿಸುತ್ತಾರೆ. ಬೇಡ ಅನ್ನುವುದು ಅವರ ಪುಣ್ಯಕ್ಕೆ ಕಲ್ಲು ಹಾಕಿದ ಹಾಗೆ. ಒಬ್ಬಾತ ಕೆಂಪು ಶರಬತ್ತಿನ ಲೋಟವನ್ನು ನನ್ನ ಬಾಯಿಯವರೆಗೆ ತಂದ. ನಾನು ತಲೆ ಹಿಂದಕ್ಕೆ ಎಳೆದುಕೊಂಡೆ. ಅವನ ಮುಖ ಬಾಡಿತು. ನಿಮಲ್ ನನ್ನ ಪಾಲಿನದನ್ನೂ ತಾವೇ ಕುಡಿದು ಸಮಾಧಾನ ಮಾಡಿದರು. ಅಂಥ ನಾಲ್ಕು ಚಪ್ಪರಗಳಲ್ಲಿ ನಾಲ್ಕು ಲೋಟ ಬೇಡವೆಂದೆ. ಅಷ್ಟರಲ್ಲಿ ವ್ಯಾನು ಜನಜಂಗುಳಿಯಲ್ಲಿ ಸಿಕ್ಕಿ ಬಹಳ ಹಿಂದೆ ಉಳಿದಿತ್ತು.

ಕೆಕಿರಾವ ಇನ್ನೂ ಸ್ವಲ್ಪ ದೂರ ಇರುವಾಗ ಬೆವರು ಶುರುವಾಯಿತು. ಬಿಸಿಲಿನ ಬೆವರಲ್ಲ ಅದು, ತಣ್ಣಗಿತ್ತು. ಕೈ ನಡುಗಿತು. ಕಡಲೆ ಬಾಯಿಗೆ ಹಾಕಿಕೊಂಡೆ, ಅಗಿಯುವುದಕ್ಕೇ ಶಕ್ತಿ ಸಾಲಲಿಲ್ಲ. ಸಕ್ಕರೆ ಇಳಿಯುತ್ತಿದೆ ಎಂದು ಗೊತ್ತು. ಕಡಲೆ ಅಷ್ಟು ಬೇಗ ಅದನ್ನು ಏರಿಸುವುದಿಲ್ಲ ಎಂಬುದೂ ಗೊತ್ತು. ಗೊತ್ತಿರುವುದು ಕೆಲಸಕ್ಕೆ ಬರದ ಸ್ಥಿತಿ ಅದು. ನಿಲ್ಲಿ ನಿಲ್ಲಿ ಎಂದು ನಿಮಲ್ ಕೂಗಿದರಂತೆ. ನಾನು ಅವರ ಕಡೆ ತಿರುಗಿ ಅಪ್ಪಟ ನಮ್ಮೂರ ಕನ್ನಡದಲ್ಲಿ ಬಾಯಿಗೆ ಬಂದಂತೆ ಬೈದೆನಂತೆ. ಒಂದು ಪದವೂ ಅರ್ಥವಾಗಲಿಲ್ಲ, ಆದರೆ ಒಳ್ಳೆಯ ಮಾತಲ್ಲ ಎಂದು ತಿಳಿಯಿತು ಎಂದು ಅವರು ಆಮೇಲೆ ಹೇಳಿದರು. ಮುಂದಿನ ತಿರುವಿನಲ್ಲಿ ಸೈಕಲ್ ಸಮೇತ ಚರಂಡಿಗೆ ಬಿದ್ದೆ.

ಎದುರಿಗೇ ಒಂದು ಚಹದ ಅಂಗಡಿ. ಅಂಗಡಿಯಾಕೆ ಮತ್ತು ನಿಮಲ್ ಸೇರಿ ನನ್ನನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿದರು. ಆ ದೇಶದಲ್ಲಿ ಚಹಕ್ಕೆ ಸಕ್ಕರೆ ಹಾಕದೆ, ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡು, ಒಂದು ಗುಟುಕು ಚಹ, ಒಂದು ಕಡಿತ ಬೆಲ್ಲ ಎಂದು ಕುಡಿಯುವ ರೂಢಿ ಇದೆ. ಆಕೆ ಬೆಲ್ಲದ ಚೂರನ್ನು ನನ್ನ ತುಟಿಗೆ ಒತ್ತಿದಳು. ನಾನು ಹಲ್ಲು ಕಚ್ಚಿ ಹಿಡಿದೆ. ತಲೆಯಲ್ಲಿ ಉಳಿದಿದ್ದದ್ದು ಒಂದೇ: ಇದು ಒಳಗೆ ಹೋದರೆ ಅಕ್ಕನ ಕಾಲು ಹೋಗುತ್ತದೆ. ಅಷ್ಟರಲ್ಲಿ ನಿಮಲ್ ನನ್ನ ಹ್ಯಾಂಡಲಿನ ಚೀಲ ತಡಕಿ ಇನ್ಸುಲಿನ್ ಪೆನ್ನು ಹೊರಗೆ ತೆಗೆದರು. ಹೆಂಡತಿಯ ಪೆನ್ನು ವರ್ಷಗಟ್ಟಲೆ ಹಿಡಿದ ಕೈ ಅದು. ಅವರ ಮುಖ ಬದಲಾದದ್ದು ನನಗೆ ಆ ಮಂಜಿನಲ್ಲೂ ಕಂಡಿತು.

ವ್ರತ, ವ್ರತ ಎಂದು ನಾನು ತೊದಲಿದೆ. ಅವರ ಭಾಷೆಯಲ್ಲೂ ಅದಕ್ಕೆ ಹತ್ತಿರದ ಪದ ಇದೆಯೋ ಏನೋ, ಅಂಗಡಿಯಾಕೆ ನಾನು ಸಿಲ್ ಹಿಡಿದವನು, ಹನ್ನೆರಡು ದಾಟಿದ್ದರಿಂದ ತಿನ್ನುತ್ತಿಲ್ಲ ಎಂದುಕೊಂಡಳು. ಮಕ್ಕಳಿಗೆ ಹೇಳುವ ಧಾಟಿಯಲ್ಲಿ ಏನೋ ಹೇಳಿದಳು. ನಿಮಲ್ ನನ್ನ ಕಿವಿಯ ಹತ್ತಿರ ಅದನ್ನು ಇಂಗ್ಲಿಷಿಗೆ ತಿರುಗಿಸಿದರು:

‘ಇದು ಊಟವಲ್ಲ. ಬೆಲ್ಲ ಕಾಯಿಲೆಯವರಿಗೆ ಔಷಧ. ಭಿಕ್ಷುಗಳಿಗೇ ಬುದ್ಧ ಅನುಮತಿ ಕೊಟ್ಟಿದ್ದಾನೆ. ನೀನು ಅವರಿಗಿಂತ ದೊಡ್ಡವನಾ?’

ಬಾಯಿ ತೆರೆದೆ. ಎರಡು ಚೂರು, ಆಮೇಲೆ ಮೂರನೆಯದು. ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾಯಿತು. ಮಧ್ಯಾಹ್ನದ ಮೇಲೆ ಉಣ್ಣದವರಿಗೂ ಬೆಲ್ಲ, ಜೇನು, ತುಪ್ಪ ಔಷಧವಾಗಿ ನಡೆಯುತ್ತದೆ, ಅದಕ್ಕೆ ಗಿಲನ್‌ಪಸ ಎನ್ನುತ್ತೇವೆ ಎಂದು ನಿಮಲ್ ವಿವರಿಸಿದರು. ಇಪ್ಪತ್ತು ವರ್ಷ ಬೌದ್ಧನಾಗಿದ್ದೂ ನನಗೆ ಗೊತ್ತಿರದ ಸಂಗತಿ. ಅಂಗಡಿಯಾಕೆ ಅನ್ನ, ಪರಂಗಿಕಾಯಿ ಪಲ್ಯ ಬಡಿಸಿದಳು. ಅದು ಊಟವೇ ಆಗಿದ್ದರೂ ಆಗ ಯಾರೂ ಯಾವ ನಿಯಮವನ್ನೂ ಎತ್ತಲಿಲ್ಲ.

ವ್ಯಾನು ಬಂದು ನರ್ಸು ಬೈದ ಬೈಗುಳ ನ್ಯಾಯವಾದದ್ದು. ಇವತ್ತು ವ್ಯಾನು ಹತ್ತು ಎಂದಳು. ಒಂದು ಗಂಟೆ ಕೂತು, ಎರಡು ಸಲ ರಕ್ತ ನೋಡಿ, ಅವಳು ಕೊಟ್ಟ ಗ್ಲೂಕೋಸ್ ಪೊಟ್ಟಣ ಎರಡೂ ಜೇಬಿಗೆ ತುಂಬಿಕೊಂಡು, ಅವಳ ಕಣ್ಣೆದುರೇ ತುಳಿಯುತ್ತೇನೆ ಎಂದು ಗೋಗರೆದೆ. ವ್ಯಾನು ನನ್ನ ಹಿಂದೆಯೇ ಹಸುವಿನ ನಡಿಗೆಯಲ್ಲಿ ದಂಬುಲ್ಲದವರೆಗೆ ಬಂತು.

ಕ್ಯಾಂಡಿ

ಮರುದಿನವಿಡೀ ನಿಮಲ್ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಮಾತಲೆ ಎಂಬ ಊರಿನಲ್ಲಿ ನೀರು ಕುಡಿಯಲು ನಿಂತಾಗ, ನಿನ್ನೆ ಪೆನ್ನು ಸಿಗದೆ ಹೋಗಿದ್ದರೆ ಬಿಸಿಲು ಬಡಿದಿದೆ ಎಂದುಕೊಂಡು ತಲೆಗೆ ನೀರು ಸುರಿಯುತ್ತಿದ್ದೆ, ಅಷ್ಟರಲ್ಲಿ ನೀನು ಹೋಗಿರುತ್ತಿದ್ದೆ ಎಂದರು. ನಾನು ತಪ್ಪಾಯಿತು ಎಂದೆ. ಆಮೇಲೆ ಅಕ್ಕನ ಕಾಲು, ಅವ್ವನ ಸಾವು, ಹರಕೆ ಎಲ್ಲವನ್ನೂ ಹೇಳಿದೆ.

ಹೇಳುತ್ತ ಹೇಳುತ್ತ ನನಗೇ ಪೇಚಾಟ ಬಿಡಿಬಿಡಿಯಾಗಿ ಕಂಡಿತು. ಬೆಲ್ಲ ತಿಂದದ್ದು ಅಲ್ಲಿದ್ದವರನ್ನು ಬಿಟ್ಟರೆ ಊರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬಾಯಿ ಮುಚ್ಚಿಕೊಂಡರೆ ಅಕ್ಕ ಹೇಳಿದ ಮಾತಿನಂತೆ ಇನ್ಸುಲಿನ್ ಹಾಕಿಸಿಕೊಳ್ಳುತ್ತಾಳೆ, ಕಾಲು ಉಳಿಯುತ್ತದೆ. ನಿಜ ಹೇಳಿದರೆ ಹರಕೆ ಮುರಿಯಿತು. ಅದು ಔಷಧವಾಗಿ ತಿಂದದ್ದು ಎಂದು ವಾದಿಸಬಹುದು. ಆದರೆ ಯಾವ ಕಾಯಿಲೆಗೆ ಔಷಧ ಎಂದು ಅಕ್ಕ ಕೇಳುತ್ತಾಳೆ. ಆಗ ಅವ್ವನ ಹಾಗೆ ತಮ್ಮನಿಗೂ ಸೂಜಿ ಬಂತು, ಅವನದೂ ಮುಗಿಯಿತು ಎಂದು ಎದೆ ಒಡೆದುಕೊಳ್ಳುತ್ತಾಳೆ.

ನಿಮಲ್ ಬುದ್ಧಿ ಹೇಳಲಿಲ್ಲ. ತಮ್ಮ ಹೆಂಡತಿ ಕಣ್ಣು ಮಂಜಾಗುತ್ತಿದ್ದುದನ್ನು ಒಂದು ವರ್ಷ ತಮ್ಮಿಂದ ಮುಚ್ಚಿಟ್ಟಿದ್ದರು ಎಂದಷ್ಟೇ ಹೇಳಿದರು. ತಮಗೆ ನೋವಾಗಬಾರದು ಎಂದು. ಅಡುಗೆಮನೆಯ ಡಬ್ಬಿಗಳನ್ನು ಎಣಿಸಿಕೊಂಡು ಅಂದಾಜಿನಲ್ಲಿ ಅಡುಗೆ ಮಾಡುತ್ತಿದ್ದರಂತೆ. ಇದನ್ನು ಹೇಳಿ ಅವರು ಸೈಕಲ್ ಹತ್ತಿದರು. ಕ್ಯಾಂಡಿ ತಲುಪುವವರೆಗೆ ಏರು ದಾರಿ, ಮಾತಿಗೆ ಉಸಿರು ಇರಲಿಲ್ಲ.

ನುವರಎಲಿಯ

ಕೊನೆಯ ದಿನದ ಹತ್ತುವಿಕೆಯ ಬಗ್ಗೆ ಬರೆಯಲು ಹೆಚ್ಚಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಏರು. ತಿರುವು ಮುಗಿದರೆ ಇನ್ನೊಂದು ತಿರುವು, ಎಲ್ಲ ಕಡೆ ಚಹದ ಗಿಡ. ನನ್ನ ಪಕ್ಕದಲ್ಲೇ ಬೆನ್ನಿಗೆ ಚೀಲ ಕಟ್ಟಿಕೊಂಡ ಚಹ ತೋಟದ ಹೆಂಗಸರು ನಡೆದು ಹೋಗುತ್ತಿದ್ದರು, ನನಗಿಂತ ಬೇಗ. ಒಬ್ಬಾಕೆ ತಮಿಳಿನಲ್ಲಿ, ಇಳಿದು ತಳ್ಳಿಕೊಂಡು ಬಾರಪ್ಪ, ಯಾರೂ ನೋಡುವುದಿಲ್ಲ ಎಂದಳು. ಎಲ್ಲರೂ ನಕ್ಕರು. ವ್ಯಾನು ಹತ್ತಬಾರದು ಎಂದಿತ್ತೇ ಹೊರತು ತಳ್ಳಬಾರದು ಎಂದು ಹರಕೆಯಲ್ಲಿ ಇರಲಿಲ್ಲ. ಎರಡು ಕಡೆ ಇಳಿದು ತಳ್ಳಿದೆ.

ಎರಡು ಸಲ ನಿಂತು, ಎಲ್ಲರೆದುರೂ ಬೆರಳು ಚುಚ್ಚಿ ನೋಡಿಕೊಂಡೆ, ಎಲ್ಲರೆದುರೂ ಗ್ಲೂಕೋಸ್ ತಿಂದೆ. ಸಂಜೆ ಐದಕ್ಕೆ ನುವರಎಲಿಯದ ಕೆರೆಯ ದಂಡೆಯಲ್ಲಿ ಸೈಕಲ್ ಇಳಿದಾಗ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಕವಲಂದೆಯ ಕೊಠಡಿಗೆ ಬೇಕಾದದ್ದು ಕೂಡಿದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಸಂತೋಷವಾಯಿತು. ಅಕ್ಕನಿಗೆ ಫೋನು ಮಾಡಿ ತಲುಪಿದೆ ಎಂದೆ. ವ್ಯಾನು ಹತ್ತಲಿಲ್ಲ ತಾನೆ ಎಂದು ಕೇಳಿದಳು, ಇಲ್ಲ ಎಂದೆ. ಸಿಹಿಯ ವಿಷಯ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮತ್ತೆ ಹದಿನಾರು

ಊರು ಮುಟ್ಟಿದ ಮರುದಿನ ಬೆಳಿಗ್ಗೆ ಸೈಕಲ್ಲಿನಲ್ಲೇ ಹದಿನಾರಿಗೆ ಹೋದೆ. ಅಕ್ಕ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಡಾಕ್ಟರು ತಿಂಗಳ ಹಿಂದೆಯೇ ಬರೆದುಕೊಟ್ಟಿದ್ದ ಇನ್ಸುಲಿನ್ ಪೆನ್ನು. ಸೊಸೆಯ ಕೈಲಿ ಫ್ರಿಜ್ಜಿನಿಂದ ತೆಗೆಸಿ ಇಟ್ಟಿದ್ದಳು. ನನ್ನನ್ನು ನೋಡಿ ಮುಖ ಗಟ್ಟಿ ಮಾಡಿಕೊಂಡಳು. ಮಾತು ಕೊಟ್ಟಾಗಿದೆ, ಬಲಿಗೆ ಸಿದ್ಧ ಎಂಬಂತೆ ಕೂತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಸೂಜಿ ಜೋಡಿಸಿದ್ದರೆ ಆಗಿಹೋಗುತ್ತಿತ್ತು.

ಆದರೆ ಆ ಮುಖ ನೋಡಿ ಆಗಲಿಲ್ಲ. ಸಾಯುವುದಕ್ಕೇ ಹೊರಟವಳಂತೆ ಅವಳು ದಿನಾ ಹೀಗೆ ಕೂತು ಚುಚ್ಚಿಸಿಕೊಳ್ಳುವುದನ್ನು ನೆನೆದೆ. ಪಕ್ಕದಲ್ಲಿ ಕೂತು, ಅಕ್ಕ, ನಾನು ದಾರಿಯಲ್ಲಿ ಬೆಲ್ಲ ತಿಂದೆ ಎಂದೆ.

ಅವಳು ನನ್ನ ಕಡೆ ತಿರುಗಿದಳು. ಯಾಕೆ ಎಂದು ಕೇಳಿದಳು. ಸಕ್ಕರೆ ಇಳಿದು ಬಿದ್ದುಹೋಗಿದ್ದೆ, ಎಂದೆ. ಆರೋಗ್ಯವಾಗಿರುವವನಿಗೆ ಸಕ್ಕರೆ ಯಾಕೆ ಇಳಿಯುತ್ತದೆ ಎಂದಳು. ನಾನು ಅಂಗಿ ಎತ್ತಿ, ಹೊಕ್ಕುಳ ಸುತ್ತ ಸಣ್ಣ ಸಣ್ಣ ಚುಕ್ಕೆಗಳನ್ನು ತೋರಿಸಿದೆ. ಚೀಲದಿಂದ ನನ್ನ ಪೆನ್ನು ತೆಗೆದು ಅವಳ ಪೆನ್ನಿನ ಪಕ್ಕದಲ್ಲಿ ಇಟ್ಟೆ.

‘ಯಾವತ್ತಿಂದ್ಲಾ?’

‘ಮೂರು ವರ್ಸ ಆಯ್ತು ಅಕ್ಕ.’

ಅವಳು ಎದೆ ಒಡೆದುಕೊಳ್ಳಲಿಲ್ಲ. ಎರಡು ಪೆನ್ನು ನೋಡಿದಳು. ನನ್ನ ಹೊಟ್ಟೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು, ಸಂತೆಯಲ್ಲಿ ಬದನೆಕಾಯಿ ಆರಿಸುವವಳ ಹಾಗೆ. ಆಮೇಲೆ ನನ್ನ ಮುಖ, ತೊಡೆ, ಗೋಡೆಗೆ ಒರಗಿಸಿದ್ದ ಸೈಕಲ್ಲು ನೋಡಿದಳು. ಅವ್ವನ ಜೀವ ತೆಗೆದದ್ದು ಸೂಜಿಯಲ್ಲ, ಕಿಡ್ನಿ, ತಡವಾಯಿತು ಎಂದು ನಾನು ನೂರು ಸಲ ಹೇಳಿದ್ದನ್ನು ಅವಳು ಅವತ್ತು ನಂಬಿದಳು ಎಂದು ನನಗೆ ತಿಳಿಯಿತು. ಹರಕೆ ಮುರಿದದ್ದರ ಮಾತೇ ಎತ್ತಲಿಲ್ಲ. ನನ್ನ ಅಂಗಿಯನ್ನು ತಾನೇ ಕೆಳಗೆ ಎಳೆದಳು. ದನಿಯಲ್ಲಿ ಕೋಪವೂ ಇರಲಿಲ್ಲ.

‘ಈ ಒಟ್ಟೆ ತೋರ್ಸಕ್ಕೆ ಲಂಕೆಗೋಗಿ ಬರ್ಬೇಕಾಗಿತ್ತಾ? ಆಗ್ಲೇ ತೋರ್ಸಿದ್ರೆ ನನ್ ಕಿರ್ಬೆಟ್ಟು ಉಳ್ಕತಿತ್ತಲ್ಲಾ.’

ಕವಲಂದೆಯ ಕೊಠಡಿಗೆ ಊರೂರು ಸುತ್ತಿದವನು, ಯಾರ ಯಾರ ಬೆರಳನ್ನೋ ಉಳಿಸಲು ನಾನೂರು ಕಿಲೋಮೀಟರು ತುಳಿದವನು, ನಾನು. ನನ್ನ ಮನೆಯ ಬೆರಳಿಗೆ ಬೇಕಾಗಿದ್ದದ್ದು ಒಂದು ಮಾತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಅಕ್ಕ ಸೀರೆಯ ಮಡಿಕೆ ಸರಿಸಿ ಹೊಟ್ಟೆ ಮುಂದೆ ಮಾಡಿದಳು. ನಾನು ಪೆನ್ನಿಗೆ ಸೂಜಿ ಜೋಡಿಸಿ, ಡಾಕ್ಟರು ಬರೆದಷ್ಟು ಯೂನಿಟ್ಟು ತಿರುಗಿಸಿ, ಚರ್ಮ ಹಿಡಿದೆ. ಇಪ್ಪತ್ತೆರಡು ವರ್ಷ ಊರವರಿಗೆಲ್ಲ ಚುಚ್ಚಿದ ಕೈ ನಡುಗತೊಡಗಿತು.

‘ನೆಟ್ಗೆ ಇಡ್ಕೊ ಕಣ್ಲಾ’ ಎಂದಳು ಅಕ್ಕ.